ಮೂರೂವರೆ ಸಾವಿರ ಶಬ್ದಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ವಿದೇಶದಲ್ಲಿ ಉನ್ನತ ವ್ಯಾಸಂಗ: ಅವಕಾಶಗಳು’. ಅವಕಾಶಗಳ ಪಟ್ಟಿ ಈಗ ನಿಮ್ಮ ಮೊಬೈಲಿನಲ್ಲೇ ಸಿಗುತ್ತದೆ. ಅದಕ್ಕೆ ನಾನು ಬೇಕಾಗಿಲ್ಲ. ನಾನು ಒಂದು ಪರೀಕ್ಷೆಯ ಬಗ್ಗೆ, ಅದಕ್ಕಾಗಿ ಬಾಯಿಪಾಠ ಮಾಡಿದ ಇಂಗ್ಲಿಷ್ ಶಬ್ದಗಳ ಬಗ್ಗೆ ಮಾತಾಡುತ್ತೇನೆ. ಅದರಲ್ಲಿ ಒಂದು ಸಾರಿ ಸೋತೆ, ಒಂದು ಸಾರಿ ಗೆದ್ದೆ. ಸೋತದ್ದು ಹೇಗೆ ಅನ್ನುವುದು ಗೊತ್ತಾದರೆ ಈ ಮಕ್ಕಳಲ್ಲಿ ಒಬ್ಬರಿಗಾದರೂ ಒಂದು ಎತ್ತು ಉಳಿದೀತು. ಎತ್ತಿನ ಮಾತು ಯಾಕೆ ಬಂತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಪರೀಕ್ಷೆಯ ಹೆಸರು ಜಿ.ಆರ್.ಇ. ಡಿಗ್ರಿ ಮುಗಿಸಿ ಅಮೆರಿಕದಲ್ಲಿ ಎಂ.ಎಸ್. ಅಥವಾ ಪಿಎಚ್.ಡಿ. ಓದಬೇಕು ಅನ್ನುವವರು ಬರೆಯುವ ಪರೀಕ್ಷೆ. 1936ರಲ್ಲಿ ಅಲ್ಲಿನ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗಕ್ಕೆಂದು ಶುರುವಾದದ್ದು. ಆಮೇಲೆ ಇ.ಟಿ.ಎಸ್. ಎಂಬ ಸಂಸ್ಥೆ ನಡೆಸಿಕೊಂಡು ಬಂದಿದೆ. ಅದರಲ್ಲಿ ಗಣಿತ ಇರುತ್ತದೆ, ಪ್ರಬಂಧ ಇರುತ್ತದೆ, ಭಾಷೆಯ ಭಾಗ ಒಂದಿರುತ್ತದೆ. ಗಣಿತ ನಮ್ಮ ಹತ್ತನೇ ಕ್ಲಾಸಿನ ಗಣಿತಕ್ಕಿಂತ ಬಹಳ ದೂರದ್ದಲ್ಲ. ಹಳ್ಳಿಯ ಹುಡುಗರನ್ನು ಕೆಡವುವುದು ಭಾಷೆಯ ಭಾಗ. ನಾನು ಬರೆದ ಕಾಲಕ್ಕೆ ಅದರಲ್ಲಿ 30 ನಿಮಿಷಕ್ಕೆ 30 ಪ್ರಶ್ನೆ. ಒಂದು ಶಬ್ದ ಕೊಟ್ಟು ಅದಕ್ಕೆ ವಿರುದ್ಧಾರ್ಥ ಕೇಳುತ್ತಿದ್ದರು. ಕುಂಬಾರನಿಗೆ ಮಡಕೆ ಹೇಗೋ ಹಾಗೆ ನೇಕಾರನಿಗೆ ಏನು ಅನ್ನುವಂಥ ಜೋಡಿಗಳನ್ನು ಕೇಳುತ್ತಿದ್ದರು. ಆದರೆ ಅಲ್ಲಿ ಕುಂಬಾರ, ನೇಕಾರ ಇರುತ್ತಿರಲಿಲ್ಲ. ಇಂಗ್ಲಿಷರೇ ದಿನಬಳಕೆಯಲ್ಲಿ ಆಡದ ಶಬ್ದಗಳಿರುತ್ತಿದ್ದವು.

ನಾನು ಈ ಶಾಲೆಯಿಂದ 1998ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ. ಆಗ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಐದನೇ ಕ್ಲಾಸಿನಿಂದ. ಹೈಸ್ಕೂಲಿಗೆ ಬಂದಾಗ ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ ಇತ್ತು. ಒಂದೂವರೆ ವರ್ಷ ನಮ್ಮ ಕನ್ನಡ ಸರ್ ಅವರೇ ಇಂಗ್ಲಿಷ್ ಪಾಠವನ್ನೂ ಹೇಳಿದರು. ಅವರು ಇಲ್ಲೇ ಕುಳಿತಿದ್ದಾರೆ. ಇಂಗ್ಲಿಷ್ ಪುಸ್ತಕ ತೆರೆದರೂ ಸರ್ ಸಂಧಿ, ಸಮಾಸದ ಕಡೆಗೇ ಹೊರಳುತ್ತಿದ್ದರು. ಒಂದು ದಿನ ನಾನು ಎದ್ದು ನಿಂತು, “ಸರ್, ಇದು ಇಂಗ್ಲಿಷ್ ಪೀರಿಯಡ್ ಐತ್ರಿ” ಅಂದೆ. ಸರ್ ಬೈಯಲಿಲ್ಲ. “ಹೌದಪಾ, ಕುಂದ್ರು” ಅಂದು ಮುಂದುವರಿಸಿದರು. ಆ ಮಾತನ್ನು ಇವತ್ತು ವಾಪಸ್ ತೆಗೆದುಕೊಳ್ಳಲು ಬಂದಿದ್ದೇನೆ, ಸರ್.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಓದುವಾಗ ಹಿರಿಯ ವಿದ್ಯಾರ್ಥಿಗಳು ಅಮೆರಿಕಕ್ಕೆ ಹೋಗುವುದನ್ನು ನೋಡಿ ನನಗೂ ಆಸೆ ಹುಟ್ಟಿತು. ಸ್ಕಾಲರ್‌ಶಿಪ್ ಸಿಕ್ಕರೆ ಮನೆಯಿಂದ ದುಡ್ಡು ಬೇಕಾಗುವುದಿಲ್ಲ. ಆದರೆ ಪರೀಕ್ಷೆಯ ಫೀ ಮೊದಲು ಕಟ್ಟಬೇಕು, ಅದೂ ಡಾಲರಿನಲ್ಲಿ. ಅದು 2003. ನೆನಪಿರುವವರಿಗೆ ನೆನಪಿದೆ, ರಾಜ್ಯಕ್ಕೆ ಅದು ಸಾಲುಸಾಲಾಗಿ ಮೂರನೆಯ ಬರದ ವರ್ಷ. ನಮ್ಮಪ್ಪ ಜೋಡೆತ್ತಿನಲ್ಲಿ ಒಂದನ್ನು ಮಾರಿದ. ಬರದಲ್ಲಿ ಎತ್ತಿಗೆ ಏನು ಬೆಲೆ ಬರುತ್ತದೆ ಅನ್ನುವುದು ರೈತರಿಗೆ ಗೊತ್ತು. ಒಂಟಿ ಎತ್ತಿನಿಂದ ಗಳೇವು ಆಗುವುದಿಲ್ಲ. ಆ ವರ್ಷ ಅಪ್ಪ ಬಾಜೂ ಹೊಲದವರ ಎತ್ತಿನ ಜೊತೆ ನಮ್ಮ ಎತ್ತು ಕೂಡಿಸಿ ಹೊಡೆದ. ಅವರ ಹೊಲದ ಕೆಲಸ ಮುಗಿದ ಮೇಲೆ ನಮ್ಮದು.

ಒಂದು ಶಹರದ ಕೋಚಿಂಗ್ ಕ್ಲಾಸಿಗೆ ಎರಡು ತಿಂಗಳು ಹೋದೆ. ಅವರು ಕೊಟ್ಟದ್ದು ಬ್ಯಾರನ್ಸ್ ಪುಸ್ತಕದ ಶಬ್ದಪಟ್ಟಿಯ ಝೆರಾಕ್ಸ್. ಮೂರೂವರೆ ಸಾವಿರ ಶಬ್ದ, ‘ಅಬೇಸ್’ನಿಂದ ‘ಜೆಫಿರ್’ವರೆಗೆ. ದಿನಕ್ಕೆ 70 ಬಾಯಿಪಾಠ ಮಾಡಿ ಅಂದರು, ಮಾಡಿದೆ. ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದೆ. 50 ದಿನ ಆದ ಮೇಲೆ ಮೊದಲನೆಯ ದಿನದ ಎಪ್ಪತ್ತರಲ್ಲಿ ಎಂಟು ಉಳಿದಿದ್ದವು. ಅಕ್ಷರಮಾಲೆಯ ಸರದಿಯಲ್ಲಿ ಓದಿದ್ದರಿಂದ ‘ಅ’ದಿಂದ ಶುರುವಾಗುವ ಶಬ್ದಗಳೆಲ್ಲ ಒಂದಕ್ಕೊಂದು ಕಲಸಿಹೋಗಿದ್ದವು. ಬಾಡಿಗೆ ಕೋಣೆಯಲ್ಲಿ ಶಹರದ ಹುಡುಗರು ಸರಾಗವಾಗಿ ಓದುವಾಗ ನಾನು ಬಾಯಿ ತೆರೆಯುತ್ತಿರಲಿಲ್ಲ. ಉಚ್ಚಾರ ತಪ್ಪಿದರೆ ನಗುತ್ತಾರೆ ಅಂತ ಕೇಳುವ ಪ್ರಶ್ನೆಯನ್ನೂ ನುಂಗಿಕೊಂಡೆ.

ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಮುಂದೆ ಕುಳಿತೆ. ಮುಗಿದ ಕೂಡಲೇ ಪರದೆಯ ಮೇಲೆ ಅಂಕ ಬರುತ್ತದೆ. ಗಣಿತ 800ಕ್ಕೆ 760, ಅದು ಈ ಶಾಲೆಯ ಪ್ರಸಾದ. ಭಾಷೆ 310. ಅಂಕ ಶುರುವಾಗುವುದೇ 200ರಿಂದ, ಅಂದರೆ ನನ್ನ ದುಡಿಮೆ 110. ಆ ಅಂಕ ಹಿಡಿದು ಯಾವ ಪ್ರೊಫೆಸರಿಗೂ ಪತ್ರ ಬರೆಯುವಂತಿರಲಿಲ್ಲ. ರಾತ್ರಿ ಬಸ್ಸಿಗೆ ಹಾವೇರಿಗೆ ಬಂದು ಊರಿಗೆ ಬಂದೆ. ಅಪ್ಪ ಕೊಟ್ಟಿಗೆಯಲ್ಲಿದ್ದ. “ಆತೇನು?” ಅಂದ. “ಇಲ್ಲ” ಅಂದೆ. ಅವನು ಮತ್ತೇನೂ ಕೇಳಲಿಲ್ಲ. ಗೋದಲಿಯ ಅರ್ಧ ಖಾಲಿ ಇತ್ತು.

ಶೀಗಿ ಹುಣ್ಣಿಮೆಯ ಹೊತ್ತಿಗೆ ಒಂದು ವಾರ ಮನೆಯಲ್ಲೇ ಉಳಿದೆ. ನನ್ನ ತಂಗಿ ಆಗ ಇದೇ ಶಾಲೆಯಲ್ಲಿ ಹತ್ತನೇ ಕ್ಲಾಸು. ಸಂಜೆ ಪಡಸಾಲೆಯಲ್ಲಿ ಕುಳಿತು ಜೋರಾಗಿ ಕನ್ನಡ ವ್ಯಾಕರಣ ಬಾಯಿಪಾಠ ಮಾಡುತ್ತಿದ್ದಳು: ಪ್ರ, ಪರಾ, ಅಪ, ಸಂ, ಅನು, ಅವ, ನಿಸ್, ನಿರ್, ದುಸ್, ದುರ್... ಉಪಸರ್ಗಗಳು. ‘ಹಾರ’ದ ಹಿಂದೆ ‘ಪ್ರ’ ಬಂದರೆ ಪ್ರಹಾರ, ‘ಆ’ ಬಂದರೆ ಆಹಾರ, ‘ಸಂ’ ಬಂದರೆ ಸಂಹಾರ, ‘ವಿ’ ಬಂದರೆ ವಿಹಾರ, ‘ಪರಿ’ ಬಂದರೆ ಪರಿಹಾರ. ಒಂದು ಹೊಡೆತ, ಒಂದು ಊಟ, ಒಂದು ಕೊಲೆ, ಒಂದು ತಿರುಗಾಟ, ಇನ್ನೊಂದು ಬರಗಾಲಕ್ಕೆ ಸರ್ಕಾರ ಕೊಡುವ ದುಡ್ಡು. ಐದು ಶಬ್ದ, ಬೇರು ಒಂದೇ.

ನಾನು ಅದನ್ನು ಐದು ವರ್ಷದ ಹಿಂದೆ ಅದೇ ಸರ್ ಬಾಯಲ್ಲಿ ಕೇಳಿದ್ದೆ. ಆವತ್ತು ಸಂಜೆ ಕೇಳಿದಾಗ ಮಾತ್ರ ಮೈ ಜುಮ್ಮೆಂದಿತು. ನನ್ನ ಚೀಲದಲ್ಲಿದ್ದ ಝೆರಾಕ್ಸಿನ ಶಬ್ದಗಳೂ ಹೀಗೇ ಅಲ್ಲವೇ? ಅವನ್ನು ಬೇರು ಕಿತ್ತು, ಒಣಗಿಸಿ, ಅಕ್ಷರಮಾಲೆಯಲ್ಲಿ ಸಾಲಾಗಿ ಹಚ್ಚಿ ಕೊಟ್ಟಿದ್ದರು. ಆ ರಾತ್ರಿ ಪಟ್ಟಿಯನ್ನು ಒಡೆದು ಮನೆತನದ ಪ್ರಕಾರ ಮತ್ತೆ ಬರೆಯಲು ಕುಳಿತೆ.

ಒಂದು ಮನೆತನ ಹೇಳುತ್ತೇನೆ. ಲ್ಯಾಟಿನ್ನಿನಲ್ಲಿ ‘ಗ್ರೆಕ್ಸ್’ ಅಂದರೆ ಕುರಿಹಿಂಡು. ಹಿಂಡಿನಲ್ಲಿರಲು ಇಷ್ಟಪಡುವವನು ‘ಗ್ರಿಗೇರಿಯಸ್’, ಅಂದರೆ ಜನ ಬೇಕೆನ್ನುವವನು. ಹಿಂಡು ಕೂಡಿದರೆ ‘ಕಾಂಗ್ರಿಗೇಟ್’, ಹಿಂಡಿನಿಂದ ಬೇರೆ ಮಾಡಿದರೆ ‘ಸೆಗ್ರಿಗೇಟ್’, ಒಟ್ಟುಗೂಡಿಸಿದರೆ ‘ಅಗ್ರಿಗೇಟ್’. ಹಿಂಡಿನಿಂದ ಹೊರಗೆ ಎದ್ದು ಕಾಣುವಂಥದ್ದು ‘ಇಗ್ರೀಜಿಯಸ್’. ಮೊದಲು ಅದು ಒಳ್ಳೆಯ ಅರ್ಥದಲ್ಲಿತ್ತು, ಈಗ ಕಣ್ಣಿಗೆ ಹೊಡೆಯುವಷ್ಟು ಕೆಟ್ಟದ್ದು ಅನ್ನುವ ಅರ್ಥ. ಶಿಗ್ಗಾವಿ ತಾಲೂಕಿನ ಬಾಡದ ಕನಕದಾಸರ ಸೀಮೆಯವರು ನಾವು. ಬೇಸಿಗೆಯಲ್ಲಿ ಕುರಿ ಹಿಂಡನ್ನು ಹೊಲದಲ್ಲಿ ತರುಬಿಸಿಕೊಂಡವರು. ಹಿಂಡು ಅಂದರೆ ಏನು, ಹಿಂಡಿನಿಂದ ತಪ್ಪಿಸಿಕೊಂಡ ಕುರಿ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

‘ಡಿಲಿರಿಯಂ’ ಅಂದರೆ ಜ್ವರ ನೆತ್ತಿಗೇರಿ ಬಡಬಡಿಸುವುದು. ಅದರೊಳಗಿನ ‘ಲಿರಾ’ ಅಂದರೆ ನೇಗಿಲ ಸಾಲು. ಸಾಲು ಬಿಟ್ಟು ಹೋದ ಎತ್ತು! ‘ರೈವಲ್’ ಅಂದರೆ ಎದುರಾಳಿ. ಮೂಲ ಅರ್ಥ, ಒಂದೇ ಹಳ್ಳದ ನೀರಿಗೆ ಪಾಲುದಾರರಾದವರು. ಇದನ್ನು ಓದಿ ನಮ್ಮಪ್ಪನಿಗೆ ಹೇಳಿದಾಗ ಅವನು ಮೊದಲ ಸಾರಿ ನಕ್ಕ. “ಹಂಗಾರ ಅವರೂ ಕಾಲುವಿ ನೀರಿಗೆ ಬಡದಾಡ್ಯಾರ ಅನ್ನು” ಅಂದ.

ಇನ್ನೊಂದು ಶಬ್ದ ಅಪ್ಪನಿಗೆ ಹೇಳಲಿಲ್ಲ. ಲ್ಯಾಟಿನ್ನಿನ ‘ಪೆಕುಸ್’ ಅಂದರೆ ದನ. ದನವೇ ಸಂಪತ್ತಾಗಿದ್ದ ಕಾಲದಲ್ಲಿ ಅದರಿಂದ ದುಡ್ಡಿಗೆ ಹೆಸರು ಬಂತು. ‘ಪಿಕ್ಯೂನಿಯರಿ’ ಅಂದರೆ ಹಣದ, ‘ಇಂಪಿಕ್ಯೂನಿಯಸ್’ ಅಂದರೆ ಕೈಯಲ್ಲಿ ಕಾಸಿಲ್ಲದವನು. ಕೋಚಿಂಗ್ ಕ್ಲಾಸಿನಲ್ಲಿ ಆ ಶಬ್ದವನ್ನು ಇಪ್ಪತ್ತು ಸಾರಿ ಓದಿ ಮರೆತಿದ್ದೆ. ಮೂಲದಲ್ಲಿ ದನ ಇದೆ ಅಂತ ತಿಳಿದ ಮೇಲೆ ಮರೆಯಲು ಆಗಲೇ ಇಲ್ಲ. ಎತ್ತು ಮಾರಿ ಫೀ ಕಟ್ಟಿದವನ ಮಗ ನಾನು. ಆ ‘ಪೆಕುಸ್’ ಮತ್ತು ನಮ್ಮ ‘ಪಶು’ ಒಂದೇ ಬೇರಿನ ಶಬ್ದಗಳು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಇರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಕನ್ನಡ ಆ ಮನೆತನದ್ದಲ್ಲ, ನಮ್ಮದು ದ್ರಾವಿಡ. ಕಾಲ್ಡ್‌ವೆಲ್ 1856ರಲ್ಲೇ ಅದರ ಮೇಲೆ ದೊಡ್ಡ ಪುಸ್ತಕ ಬರೆದರು. ಆದರೆ ಕನ್ನಡ ಸಂಸ್ಕೃತದಿಂದ ಬೇಕಾದಷ್ಟು ಶಬ್ದ ಎರವಲು ತಂದುಕೊಂಡಿದೆ. ಆ ಎರವಲಿನ ಬಾಗಿಲಿನಿಂದ ನಾವು ಗ್ರೀಕರ ಮನೆಗೂ ಇಣುಕಬಹುದು. ನಮ್ಮ ‘ದುರ್’ ಗ್ರೀಕಿನಲ್ಲಿ ‘ಡಿಸ್’, ಅದರಿಂದ ‘ಡಿಸ್ಪೆಪ್ಟಿಕ್’ ಅಂದರೆ ಅಜೀರ್ಣದವನು. ನಮ್ಮ ‘ಸು’ ಅಲ್ಲಿ ‘ಯೂ’, ‘ಯೂಫೋನಿ’ ಅಂದರೆ ಸುಸ್ವರ, ‘ಯೂಲಜಿ’ ಅಂದರೆ ಹೊಗಳಿಕೆಯ ಮಾತು. ನಮ್ಮಲ್ಲಿ ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’. ಅಧರ್ಮ, ಆದರೆ ಅನಾಚಾರ. ಗ್ರೀಕರಲ್ಲೂ ಅದೇ ನಿಯಮ. ಆಕಾರವಿಲ್ಲದ್ದು ‘ಅಮಾರ್ಫಸ್’, ಆಳುವವರಿಲ್ಲದ್ದು ‘ಅನಾರ್ಕಿ’. ನಮ್ಮ ‘ಪರಿ’ ಅಲ್ಲಿ ‘ಪೆರಿ’. ‘ಪೆರಿಪಟೆಟಿಕ್’ ಅನ್ನುವ ಶಬ್ದಕ್ಕೆ ನಾನು ಒಂದು ದಿನವೆಲ್ಲ ಒದ್ದಾಡಿದ್ದೆ. ಸುತ್ತ ತಿರುಗುತ್ತಲೇ ಇರುವವನು. ನಮ್ಮಲ್ಲಿ ಅದಕ್ಕೆ ಪರಿವ್ರಾಜಕ ಅನ್ನುತ್ತೇವೆ. ಅಲ್ಲಿಯೂ ‘ಪರಿ’, ಇಲ್ಲಿಯೂ ‘ಪರಿ’!

ಇನ್ನು ನಮ್ಮ ಹೊಲದ ಶಬ್ದಗಳು. ಇದು ನನಗೆ ಬಹಳ ತಡವಾಗಿ ಹೊಳೆದದ್ದು. ಶಹರದ ಹುಡುಗರು ಕಷ್ಟಪಟ್ಟು ಬಾಯಿಪಾಠ ಮಾಡುತ್ತಿದ್ದ ಎಷ್ಟೋ ಶಬ್ದಗಳು ಒಕ್ಕಲುತನದವು. ‘ವಿನೋ’ ಅಂದರೆ ರಾಶಿ ತೂರುವುದು, ಬೇಕಾದ್ದು ಬೇಡದ್ದು ಬೇರೆ ಮಾಡುವುದು. ‘ಚಾಫ್’ ಅಂದರೆ ಹೊಟ್ಟು. ‘ಫ್ಯಾಲೋ’ ಅಂದರೆ ಬೀಳುಬಿಟ್ಟ ಹೊಲ. ‘ಗ್ರಾಫ್ಟ್’ ಅಂದರೆ ಕಸಿ. ನಮ್ಮ ಹಾನಗಲ್ಲ ಕಡೆ ಮಾವಿನ ತೋಟದವರಿಗೆ ಅದನ್ನು ಕಲಿಸುವುದೇ? ‘ಹ್ಯಾರೋ’ ಅಂದರೆ ಹೊಲ ಹರಗುವುದು. ‘ಹ್ಯಾರೋಯಿಂಗ್’ ಅಂದರೆ ಹೊಲ ಹರಗಿದ ಹಾಗೆ ಎದೆ ಹರಗುವಂಥ ಸಂಕಟ. ‘ಟೆಂಪರ್’ ಅಂದರೆ ಸಿಟ್ಟು ಅಂತಷ್ಟೇ ನಾವು ತಿಳಿದಿದ್ದೆವು. ಪರೀಕ್ಷೆಯಲ್ಲಿ ಅದು ಕ್ರಿಯಾಪದವಾಗಿ ಬಂದರೆ, ಕಮ್ಮಾರ ಕುಡಗೋಲಿಗೆ ಕೊಡುವ ಹದ. ಅತಿಯಾದದ್ದನ್ನು ಹದಕ್ಕೆ ತರುವುದು.

‘ಗ್ಲೀನ್’ ಅಂದರೆ ಹಕ್ಕಲು ಆಯುವುದು. ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿದ ಕಾಳು, ತೆನೆ, ಶೇಂಗಾದ ಕಾಯಿ ಒಂದೊಂದಾಗಿ ಆಯ್ದುಕೊಳ್ಳುವುದು. ಪುಸ್ತಕದಲ್ಲಿ ‘ಅಲ್ಲಲ್ಲಿಂದ ಚೂರುಚೂರಾಗಿ ಮಾಹಿತಿ ಕೂಡಿಸುವುದು’ ಅಂತ ಅರ್ಥ ಕೊಟ್ಟಿದ್ದರು. ನಮ್ಮವ್ವ ಆ ಬರದ ವರ್ಷ ಬೇರೆಯವರ ಹೊಲದಲ್ಲಿ ಶೇಂಗಾ ಹಕ್ಕಲು ಆಯಲು ಹೋಗುತ್ತಿದ್ದಳು. ಬೆಳೆಯೇ ಇಲ್ಲದ ವರ್ಷ ಹಕ್ಕಲು ಎಷ್ಟಿದ್ದೀತು? ಉಗುರಿನ ಸಂದಿಯಲ್ಲಿ ಮಣ್ಣು ಗಟ್ಟಿಯಾಗಿ ನೆತ್ತರು ಬರುತ್ತಿತ್ತು. ಆ ಶಬ್ದವನ್ನು ನಾನು ಪಟ್ಟಿ ನೋಡಿ ಕಲಿಯಲಿಲ್ಲ.

ನನ್ನ ತಂಗಿಗೆ ಆಗ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ದಿನಾ ಸಂಜೆ ನನ್ನ ನೋಟುಬುಕ್ಕು ಹಿಡಿದು ಪರೀಕ್ಷೆ ತೆಗೆದುಕೊಳ್ಳುತ್ತಿದ್ದಳು. ಅರ್ಥ ಹೇಳಿದರೆ ಬಿಡುತ್ತಿರಲಿಲ್ಲ. “ಯಾರಂಗ?” ಅಂತ ಕೇಳುತ್ತಿದ್ದಳು. ‘ಗ್ಯಾರುಲಸ್’ ಅಂದರೆ ಸುಮ್ಮನೆ ಮಾತಾಡುತ್ತಲೇ ಇರುವವನು. “ಯಾರಂಗ?” ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ ಒಬ್ಬ ಅಜ್ಜನ ಹಂಗ. ‘ಪಾರ್ಸಿಮೋನಿಯಸ್’ ಅಂದರೆ ಜುಗ್ಗ. “ಯಾರಂಗ?” ಆ ಹೆಸರು ಇಲ್ಲಿ ಹೇಳುವುದಿಲ್ಲ, ಅವರ ಮೊಮ್ಮಕ್ಕಳು ಎರಡನೆಯ ಸಾಲಿನಲ್ಲಿದ್ದಾರೆ. ‘ಟಾಸಿಟರ್ನ್’ ಅಂದರೆ ಬಾಯಿ ಬಿಡದವನು. “ನಮ್ಮ ಅಪ್ಪನಂಗ” ಅಂತ ಅವಳೇ ಹೇಳಿದಳು. ‘ಲಕಾನಿಕ್’ಗೆ ಒಂದು ಕತೆ ಇದೆ. ಲಕೋನಿಯಾ ಅಂದರೆ ಸ್ಪಾರ್ಟಾದವರ ನಾಡು. ಮ್ಯಾಸಿಡೋನಿಯದ ಫಿಲಿಪ್ ರಾಜ “ನಿಮ್ಮ ನಾಡಿಗೆ ನಾನು ಹೊಕ್ಕರೆ ಎಲ್ಲವನ್ನೂ ನೆಲಸಮ ಮಾಡುತ್ತೇನೆ” ಅಂತ ಹೇಳಿ ಕಳಿಸಿದನಂತೆ. ಅವರು ಕೊಟ್ಟ ಉತ್ತರ ಒಂದೇ ಶಬ್ದ: “ಹೊಕ್ಕರೆ.” ಯಾರಂಗ ಅಂದಾಗ ನಾನು ಸರ್ವಜ್ಞನ ಹಂಗ ಅಂದೆ. ಹಿರೇಕೆರೂರ ಸೀಮೆಯವನು, ಮೂರು ಸಾಲಿನಲ್ಲಿ ಮುಗಿಸುವವನು. ‘ಎನಿಗ್ಮ್ಯಾಟಿಕ್’ ಅಂದರೆ ಒಗಟಿನಂಥದ್ದು, ಒಳಗೆ ಹೊಕ್ಕವರಿಗಷ್ಟೇ ತಿಳಿಯುವಂಥದ್ದು. ಅದಕ್ಕೆ ಶಿಶುನಾಳದ ಶರೀಫಜ್ಜನ ಪದಗಳು ಅಂದೆ. ಅವಳು ಒಪ್ಪಿದಳು.

ಸವಣೂರಿನವರಿಗೂ ಒಂದು ಶಬ್ದ ಇದೆ. ‘ನೇಬಾಬ್’. ಅದು ನಮ್ಮ ನವಾಬ ಅನ್ನುವ ಶಬ್ದವೇ. ಈಸ್ಟ್ ಇಂಡಿಯಾ ಕಂಪನಿಯ ನೌಕರರು ಇಲ್ಲಿ ಸಿಕ್ಕಾಪಟ್ಟೆ ದುಡ್ಡು ಬಾಚಿಕೊಂಡು ಹೋಗಿ ಇಂಗ್ಲೆಂಡಿನಲ್ಲಿ ಮೆರೆಯುವಾಗ ಅಲ್ಲಿನ ಜನ ಅವರನ್ನು ಹಂಗಿಸಲು ಬಳಸಿದ್ದು. ನವಾಬರ ಊರಿನವರೇ ಆದ ನೀವು ಆ ಶಬ್ದಕ್ಕೆ ಝೆರಾಕ್ಸ್ ಓದಬೇಕಾಗಿಲ್ಲ, ಪೇಟೆಗೆ ಹೋಗಿ ಖಾರ ತಿಂದುಕೊಂಡು ಬಂದರೆ ಸಾಕು.

ಆದರೆ ಇನ್ನೊಂದು ಶಬ್ದದ ಬಗ್ಗೆ ಹೀಗೆ ನಕ್ಕು ಹೇಳಲು ಆಗುವುದಿಲ್ಲ. ‘ಪರಾಯ’. ಪಟ್ಟಿಯಲ್ಲಿ ಅರ್ಥ ‘ಎಲ್ಲರೂ ದೂರವಿಟ್ಟವನು’. ತಮಿಳಿನ ‘ಪರೈ’ ಅಂದರೆ ವಾದ್ಯ, ನಮ್ಮ ಹಲಗೆಯಂಥದ್ದು. ಅದನ್ನು ಬಾರಿಸುವ ಜನಕ್ಕೆ ಆ ಹೆಸರು. ಇಂಗ್ಲಿಷರು ಆ ಜಾತಿಯ ಹೆಸರನ್ನೇ ಒಯ್ದು, ಯಾರನ್ನಾದರೂ ಸಮಾಜ ಹೊರಗಿಟ್ಟರೆ ಅವರಿಗೆಲ್ಲ ಹಚ್ಚಿದರು. ಜಗತ್ತಿನ ಯಾವುದೋ ಮೂಲೆಯ ಹುಡುಗ ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡುತ್ತಾನೆ, ಅದರ ಹಿಂದೆ ಜನ ಇದ್ದಾರೆ ಅಂತ ಅವನಿಗೆ ಗೊತ್ತಿರುವುದಿಲ್ಲ. ಇದೇ ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕುಳಿತಿದ್ದ ಗೆಳೆಯನ ತಂದೆ ಊರ ಜಾತ್ರೆಗೆ ಹಲಗೆ ಬಾರಿಸುತ್ತಿದ್ದರು. ಜಾತ್ರೆಗೆ ಅವರ ಹಲಗೆ ಬೇಕು, ಚಹಾದಂಗಡಿಯಲ್ಲಿ ಅವರಿಗೆ ಬೇರೆ ಕಪ್ಪು. ಆ ಶಬ್ದದ ಕತೆಯನ್ನು ನಾನು ಆ ಗೆಳೆಯನಿಗೆ ಹೇಳಿದೆ. ಯಾಕೆ ಹೇಳಿದೆನೋ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಹಲಗಿ ಸಪ್ಪಳ ಅಲ್ಲಿತನಕ ಕೇಳಿಸೇತಿ ಅನ್ನು” ಅಂದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಮಕ್ಕಳೇ, ಈ ಶಬ್ದ ಪರೀಕ್ಷೆಗೆ ಬರುತ್ತದೆ, ಅರ್ಥ ತಿಳಿದಿರಲಿ. ನೀವಾಗಿ ಬರೆಯುವ ಪ್ರಬಂಧದಲ್ಲಿ ಬಳಸಬೇಡಿ.

ಬೇರು ಹಿಡಿದು ಹೋಗುವ ದಾರಿಯಲ್ಲಿ ಹೊಂಡಗಳೂ ಇವೆ. ‘ಎನರ್ವೇಟ್’ ನೋಡಲು ‘ಎನರ್ಜಿ’ಯ ಅಣ್ಣನ ಹಾಗಿದೆ. ಅರ್ಥ ತದ್ವಿರುದ್ಧ, ನರ ಕಿತ್ತ ಹಾಗೆ ನಿತ್ರಾಣ ಮಾಡುವುದು. ‘ಇನ್‌ವ್ಯಾಲ್ಯುಯೆಬಲ್’ ಅಂದರೆ ಬೆಲೆಯಿಲ್ಲದ್ದು ಅಂತ ನಾನು ಬರೆದು ಬಂದಿದ್ದೆ. ಬೆಲೆ ಕಟ್ಟಲಾಗದ್ದು ಅನ್ನುವುದು ಸರಿ. ನಮ್ಮ ‘ಅಮೂಲ್ಯ’ ನೆನಪಾಗಿದ್ದರೆ ತಪ್ಪುತ್ತಿರಲಿಲ್ಲ. ಆದ್ದರಿಂದ ಬೇರು ನೋಡಿ ಊಹೆ ಮಾಡಿ, ಆಮೇಲೆ ನಿಘಂಟು ತೆರೆದು ಖಾತ್ರಿ ಮಾಡಿಕೊಳ್ಳಿ. ನಾನು ಧಾರವಾಡದಲ್ಲಿ ಗ್ರಂಥಾಲಯಕ್ಕೆ ಹೋಗಿ ಕಿಟೆಲ್ ಅವರ ನಿಘಂಟನ್ನು ಇಟ್ಟುಕೊಂಡು ಕೂಡುತ್ತಿದ್ದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು, ಕನ್ನಡದಿಂದ ಇಂಗ್ಲಿಷಿಗೆ. ಗೊತ್ತಿದ್ದ ಕಡೆಯಿಂದ ಗೊತ್ತಿಲ್ಲದ ಕಡೆಗೆ ಹೋಗುವುದಕ್ಕೆ ಅದು ಹೇಳಿ ಮಾಡಿಸಿದಂಥದ್ದು.

ಕನ್ನಡ ಮೀಡಿಯಂ ಓದಿದ್ದಕ್ಕೆ ಇಂಗ್ಲಿಷ್ ಬರುವುದಿಲ್ಲ ಅನ್ನುವವರಿಗೆ ನಮ್ಮ ನೆಲದವರೇ ಇಬ್ಬರಿದ್ದಾರೆ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು 1909ರಲ್ಲಿ, ಸವಣೂರಿನಲ್ಲಿ. ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಓದಿ ಬಂದು, ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದವರು. ಹೈಸ್ಕೂಲಿನಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂದ ವರದಿಗೂ ಅವರದೇ ಹೆಸರು. ಆ ವರದಿ ಜಾರಿಗೆ ಬರಲಿ ಎಂದು ಬೀದಿಗಿಳಿದವರಲ್ಲಿ ಸವಣೂರು ತಾಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು ಮುಂಚೂಣಿಯಲ್ಲಿದ್ದರು. ಚಂಪಾ ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದದ್ದು ಇಂಗ್ಲಿಷ್. ಹಾಗಂತ ಇವರಿಬ್ಬರ ಹೆಸರು ಹೇಳಿ ಖಾಲಿ ಹುದ್ದೆಗಳನ್ನು ಮುಚ್ಚಿಹಾಕಬಾರದು. ಈ ಶಾಲೆಗೆ ಇಂಗ್ಲಿಷ್ ಶಿಕ್ಷಕರು ಬೇಕು, ಅವರು ವರ್ಷಪೂರ್ತಿ ಇರಬೇಕು. ಅದನ್ನು ಕೇಳುವ ಹಕ್ಕು ಊರಿಗಿದೆ.

ಈಗಿನ ಪರೀಕ್ಷೆ ಬೇರೆ. ವಿರುದ್ಧಾರ್ಥ, ಜೋಡಿಪದಗಳನ್ನು 2011ರಲ್ಲೇ ತೆಗೆದರು. ಈಗ ವಾಕ್ಯ ಅಥವಾ ಚಿಕ್ಕ ಪ್ಯಾರಾ ಕೊಟ್ಟು ಬಿಟ್ಟ ಸ್ಥಳ ತುಂಬಿಸುತ್ತಾರೆ, ಆರು ಶಬ್ದದಲ್ಲಿ ಒಂದೇ ಅರ್ಥದ ವಾಕ್ಯ ಕೊಡುವ ಎರಡನ್ನು ಆರಿಸಲು ಹೇಳುತ್ತಾರೆ, ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ. 2023ರ ಸೆಪ್ಟೆಂಬರಿನಿಂದ ಇಡೀ ಪರೀಕ್ಷೆ ಎರಡು ತಾಸಿನೊಳಗೆ ಮುಗಿಯುತ್ತದೆ. ಭಾಷೆಗೆ 27 ಪ್ರಶ್ನೆ, ಅಂಕ 130ರಿಂದ 170. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ನಮ್ಮ ಕಾಲದಲ್ಲಿ ಒಮ್ಮೆ ದಾಟಿದ ಪ್ರಶ್ನೆಗೆ ಮರಳುವಂತಿರಲಿಲ್ಲ, ಈಗ ಆ ವಿಭಾಗದೊಳಗೆ ಮರಳಬಹುದು. ಮಾದರಿ ಪರೀಕ್ಷೆಗಳನ್ನು ಇ.ಟಿ.ಎಸ್. ತಾನೇ ಪುಕ್ಕಟೆ ಕೊಡುತ್ತದೆ. ಝೆರಾಕ್ಸಿಗೆ ದುಡ್ಡು ಕೊಡಬೇಡಿ. ಇನ್ನೂ ಮುಖ್ಯವಾದದ್ದು, ಈಗ ಎಷ್ಟೋ ವಿಭಾಗಗಳು ಜಿ.ಆರ್.ಇ. ಕೇಳುವುದನ್ನೇ ಬಿಟ್ಟಿವೆ. ಮೊದಲು ಅದನ್ನು ವಿಚಾರಿಸಿ, ಆಮೇಲೆ ಫೀ ಕಟ್ಟಿ. ಎತ್ತು ಮಾರುವ ಮೊದಲು ವಿಚಾರಿಸಿ.

ನಾನು ಎರಡನೆಯ ಸಾರಿ ಬರೆದದ್ದು 2004ರ ಜನವರಿಯಲ್ಲಿ. ಭಾಷೆಗೆ 520 ಬಂತು. ದೊಡ್ಡ ಅಂಕವಲ್ಲ, ಆದರೆ ಮಣ್ಣುವಿಜ್ಞಾನಕ್ಕೆ ಸಾಕಾಯಿತು. ಸೀಟು, ಸ್ಕಾಲರ್‌ಶಿಪ್ ಎರಡೂ ಸಿಕ್ಕವು. ಇದನ್ನು ನಾನು ಹಲವು ಕಡೆ ಹೇಳಿದ್ದೇನೆ, ಪೇಪರಿನಲ್ಲೂ ಒಮ್ಮೆ ಬಂತು. ಎರಡನೆಯ ಸಾರಿಯ ಫೀ ಎಲ್ಲಿಂದ ಬಂತು ಅನ್ನುವುದನ್ನು ಎಲ್ಲಿಯೂ ಹೇಳಿಲ್ಲ.

ತಂಗಿಯನ್ನು ಪಿ.ಯು.ಸಿ.ಗೆ ಹಾನಗಲ್ಲಿಗೆ ಕಳಿಸಬೇಕು ಅಂತ ಅವ್ವ ಎರಡು ವರ್ಷ ಕೂಡಿಟ್ಟ ದುಡ್ಡು ಅದು. “ಅಣ್ಣನ ಪರೀಕ್ಷಾ ಆಗಲಿ, ನಂದು ನೋಡೋಣು” ಅಂದವಳು ಅವಳೇ. ಆ ವರ್ಷ ಇದೇ ಶಾಲೆಯಲ್ಲಿ ಕನ್ನಡಕ್ಕೆ ಅತಿ ಹೆಚ್ಚು ಅಂಕ ಅವಳದು. ಜೂನ್ ಬಂತು, ಕಾಲೇಜಿಗೆ ಹೋಗಲಿಲ್ಲ. ನಾನು ಆಗಸ್ಟಿನಲ್ಲಿ ವಿಮಾನ ಹತ್ತಿದೆ. ಮರುವರ್ಷ ಕಳಿಸೋಣ ಅಂದೆ, ಅಲ್ಲಿಂದ ದುಡ್ಡೂ ಕಳಿಸಿದೆ. ಅಷ್ಟರಲ್ಲಿ ಮನೆಯಲ್ಲಿ ಗಂಡು ನೋಡಲು ಶುರುಮಾಡಿದ್ದರು. ನಾನು ಫೋನಿನಲ್ಲಿ ಒಂದು ಸಾರಿ ಬೇಡ ಅಂದೆ. ಎರಡನೆಯ ಸಾರಿ ಅನ್ನಲಿಲ್ಲ. ಮೂರೂವರೆ ಸಾವಿರ ಶಬ್ದ ಕಲಿತವನಿಗೆ ಆ ಹೊತ್ತಿಗೆ ಮಾತು ಬರಲಿಲ್ಲ.

ಅವಳು ಈಗ ಅಲ್ಲಿ, ಮಹಿಳೆಯರ ಸಾಲಿನಲ್ಲಿ ಕುಳಿತಿದ್ದಾಳೆ. ಅವಳ ಮಗಳು ಇದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ನಿನ್ನೆ ರಾತ್ರಿ, “ಇದನ್ನ ಸ್ಟೇಜಿನ ಮ್ಯಾಲೆ ಹೇಳಲೇನು?” ಅಂತ ಕೇಳಿದೆ. “ಹೇಳು, ಆದರ ಅಳಬ್ಯಾಡ” ಅಂದಳು. ಆಮೇಲೆ ಭಾಷಣ ಓದಿ ತೋರಿಸು ಅಂದಳು. ಓದಿದೆ. ಕೊನೆಯಲ್ಲಿ ‘ಸಭೆಯ ನಂತರ ಎಲ್ಲರಿಗೂ ಉಪಹಾರದ ವ್ಯವಸ್ಥೆ ಇದೆ’ ಅಂತ ಸಮಿತಿಯವರು ಹೇಳಲು ಕೊಟ್ಟ ಸಾಲಿತ್ತು. ಅಲ್ಲಿ ತಡೆದಳು. “ಅಣ್ಣಾ, ಅದು ಉಪಾಹಾರ. ಉಪ, ಆಹಾರ, ದೀರ್ಘ ಸಂಧಿ. ಉಪಹಾರ ಅಂದ್ರ ಕಾಣಿಕಿ” ಅಂದಳು.

ಬೆಳಿಗ್ಗೆ ಬರುವಾಗ ನೋಡಿದೆ, ಪೆಂಡಾಲಿನ ಬಾಗಿಲಲ್ಲಿ ಹಚ್ಚಿದ ಬೋರ್ಡಿನಲ್ಲೂ ದೀರ್ಘ ಬಿಟ್ಟಿದೆ. ಸರ್, ತಾವು ನೋಡುವುದರೊಳಗೆ ಯಾರಾದರೂ ಸೀಮೆಸುಣ್ಣ ತೆಗೆದುಕೊಂಡು ಹೋಗಿ ತಿದ್ದಲಿ. ಅಲ್ಲಿ ಮಂಡಕ್ಕಿ, ಮಿರ್ಚಿ, ಚಹಾ ಇದೆ. ಎಲ್ಲರೂ ತೆಗೆದುಕೊಂಡೇ ಹೋಗಬೇಕು.